ಕುಲಪತಿಗಳೇ, ಹೊಸ ಕಟ್ಟಡ ಆಮೇಲೆ, ಮೊದಲು ಹಂಚು ಕೈಯಾಡಿಸಿ

ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ, ಕಟ್ಟಡ ವಿಭಾಗದ ಎಂಜಿನಿಯರ್ ಸಾಹೇಬರಿಗೆ,

ನಮಸ್ಕಾರ.

ಈಗ ಫೆಬ್ರುವರಿ. ಕಾರವಾರದಲ್ಲಿ ಮಳೆಯ ಮಾತು ಯಾರೂ ಆಡದ ತಿಂಗಳು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಜೂನ್‌ನಲ್ಲಿ ಬರೆದರೆ ‘ಮಳೆ ನಿಲ್ಲಲಿ, ನೋಡೋಣ’ ಅನ್ನುತ್ತೀರಿ. ಅಕ್ಟೋಬರ್‌ನಲ್ಲಿ ಬರೆದರೆ ‘ಈಗ ಸೋರುತ್ತಿಲ್ಲವಲ್ಲ’ ಅನ್ನುತ್ತೀರಿ. ಎರಡೂ ಉತ್ತರ ನಮ್ಮ ಫೈಲಿನಲ್ಲಿ ಭದ್ರವಾಗಿವೆ. ಇನ್ನು ಬಹಿರಂಗವಾಗಿ ಯಾಕೆ ಅಂದರೆ, ಲಕೋಟೆಯಲ್ಲಿ ಹಾಕಿ ಕಳಿಸಿದ ಮನವಿಗಳಿಗೆಲ್ಲ ‘ಸ್ವೀಕರಿಸಲಾಗಿದೆ’ ಎಂಬ ಸೀಲು ಬಿಟ್ಟು ಬೇರೇನೂ ಬಂದಿಲ್ಲ.

ವಿಷಯ ಚಿಕ್ಕದು. ನಮ್ಮ ಸಂಶೋಧನಾ ಕೇಂದ್ರದ ಹಳೆ ಕಟ್ಟಡದ ಹಂಚನ್ನು ಪ್ರತಿ ವರ್ಷ ಮಳೆಗೆ ಮೊದಲು ಕೈಯಾಡಿಸಬೇಕು, ಅಂದರೆ ಎತ್ತಿ ಕೆರೆದು ಮತ್ತೆ ಸರಿಯಾಗಿ ಕೂರಿಸಬೇಕು. ಅದಕ್ಕೆ ಬೇಕಾದ ದುಡ್ಡು ಏಪ್ರಿಲ್‌ನಲ್ಲೇ ಇಲ್ಲಿನ ಮುಖ್ಯಸ್ಥರ ಕೈಗೆ ಬರಬೇಕು. ಇಷ್ಟೇ ಬೇಡಿಕೆ. ಇಷ್ಟಕ್ಕೆ ಇಷ್ಟುದ್ದ ಪತ್ರ ಬೇಕಾ ಅಂತ ಕೇಳಬಹುದು. ನಿಮ್ಮ ಕಚೇರಿ ಘಟ್ಟದ ಮೇಲಿದೆ ಸಾರ್. ಅಲ್ಲಿಂದ ನೋಡಿದರೆ ಇದು ಸುಣ್ಣ ಬಣ್ಣದ ಹಾಗೆ ಒಂದು ಖರ್ಚು. ಕೆಳಗೆ ಕೂತು ಓದುವವರಿಗೆ ಹೇಗೆ ಕಾಣುತ್ತದೆ ಅಂತ ಸ್ವಲ್ಪ ಹೇಳಬೇಕಾಗಿದೆ.

ಕಟ್ಟಡ ನಿಮಗೆ ಗೊತ್ತು. ಜನವರಿಯಲ್ಲಿ ಬಂದಾಗ ಜಗುಲಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಚಿರೆಕಲ್ಲಿನ ದಪ್ಪ ಗೋಡೆ, ಎತ್ತರದ ಮಾಡು, ಉದ್ದ ಕಿಟಕಿಗಳು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಧಾರವಾಡದ ಹತ್ತಿಯನ್ನು ಇಲ್ಲಿಂದ ಹಡಗಿಗೆ ಹಾಕುವ ಲೆಕ್ಕದಲ್ಲಿ ಕಾರವಾರ ಬಂದರು ಬೆಳೆಯಿತು. ಊರು ಜಿಲ್ಲೆಯ ಮುಖ್ಯ ಸ್ಥಳವಾಯಿತು. ನಮ್ಮ ಕಟ್ಟಡವೂ ಆ ಕಾಲದ ಕಟ್ಟಡಗಳ ಜಾತಿಯದೇ. ಬಂದ ಅತಿಥಿಗಳೆಲ್ಲ ಭಾಷಣ ಶುರು ಮಾಡುವುದು ರವೀಂದ್ರನಾಥ ಟಾಗೋರರಿಂದ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು, ತರುಣ ಕವಿ ಅಣ್ಣನ ಮನೆಗೆ ಬಂದಿದ್ದರು, ಸಮುದ್ರ ನೋಡಿ ಮರುಳಾದರು. ಎಲ್ಲ ನಿಜ. ಆಮೇಲೆ ‘ಇಂಥ ಪಾರಂಪರಿಕ ಕಟ್ಟಡದಲ್ಲಿ ಓದುವ ನೀವೇ ಪುಣ್ಯವಂತರು’ ಅನ್ನುತ್ತಾರೆ. ಚಪ್ಪಾಳೆ ಹೊಡೆಯುತ್ತೇವೆ. ಜನವರಿಯಲ್ಲಿ ನಮಗೂ ಹಾಗೇ ಅನಿಸುತ್ತದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತದೆ, ಮಳೆ ನೆಟ್ಟಗೆ ಬೀಳುವುದಿಲ್ಲ, ಅಡ್ಡಡ್ಡ ಹೊಡೆಯುತ್ತದೆ. ಹಂಚಿನ ಮಾಡು ಇದನ್ನೆಲ್ಲ ತಡೆಯುತ್ತದೆ. ನೂರಾರು ವರ್ಷ ತಡೆಯುತ್ತದೆ. ಆದರೆ ಒಂದು ಷರತ್ತು: ವರ್ಷಕ್ಕೊಮ್ಮೆ ಯಾರಾದರೂ ಮೇಲೆ ಹತ್ತಿ ನೋಡಬೇಕು.

ಬೇಸಿಗೆಯಲ್ಲಿ ಮಂಗಗಳು ಮಾಡಿನ ಮೇಲೆ ಓಡಾಡುತ್ತವೆ. ಪಕ್ಕದ ತೆಂಗಿನಮರದಿಂದ ಒಣ ಮಡಲು ಬೀಳುತ್ತದೆ, ಒಮ್ಮೊಮ್ಮೆ ಕಾಯಿಯೂ. ಒಂದು ಹಂಚು ಒಡೆಯುತ್ತದೆ, ನಾಲ್ಕು ಜರುಗುತ್ತವೆ. ಕೆಳಗಿನಿಂದ ನೋಡಿದರೆ ಬೆರಳಷ್ಟು ಬೆಳಕಿನ ಗೆರೆ, ಅಷ್ಟೇ. ಆ ಗೆರೆಯಿಂದ ಇಳಿದ ನೀರು ಮೊದಲು ಹಂಚು ಹೊರುವ ಮರದ ಪಟ್ಟಿ ರೀಪಿಗೆ, ರೀಪಿನಿಂದ ಅದರ ಕೆಳಗಿನ ಮರದ ತೊಲೆ ಪಕಾಸಿಗೆ. ಪಕಾಸು ಒಂದು ಮಳೆಗಾಲ ನೆನೆದರೆ ಒಣಗುತ್ತದೆ. ಮೂರು ಮಳೆಗಾಲ ನೆನೆದರೆ ಕೊಳೆತು ಕುಂಬಾಗುತ್ತದೆ. ಆಮೇಲೆ ಗೆದ್ದಲಿಗೆ ಆಮಂತ್ರಣ ಬೇಡ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಉತ್ತರ ಕನ್ನಡದಲ್ಲಿ ಹಂಚಿನ ಮನೆಯಲ್ಲಿ ಬೆಳೆದ ಯಾವ ಮಗುವಿಗೂ ಗೊತ್ತು. ಮೇ ತಿಂಗಳು ಬಂತೆಂದರೆ ಮನೆಯಲ್ಲಿ ಹಪ್ಪಳ ಒಣಗಿಸುವುದು, ಕಟ್ಟಿಗೆ ಒಟ್ಟುವುದು, ಹಂಚು ಕೈಯಾಡಿಸುವುದು. ಇವುಗಳನ್ನು ಮಾಡಲು ಯಾವ ಮನೆಯ ಯಜಮಾನನೂ ಟಿಪ್ಪಣಿ ಬರೆದು ಮೇಲಿನವರ ಸಹಿಗೆ ಕಾಯುವುದಿಲ್ಲ.

ನಮ್ಮಲ್ಲಿ ಕಾಯುತ್ತಾರೆ. ಹೇಗೆ ಅಂತ ಕೇಳಿ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರು. ದುಡ್ಡಿನ ಹಂಚಿಕೆ ಇನ್ನೂ ಆಗಿಲ್ಲ. ಮೇ ತಿಂಗಳಲ್ಲಿ ಇಲ್ಲಿಂದ ಪ್ರಸ್ತಾವನೆ ಹೋಗುತ್ತದೆ. ಜೂನ್‌ನಲ್ಲಿ ಎಸ್ಟಿಮೇಟ್ ಮಾಡಲು ಜನ ಬರಬೇಕು, ಆದರೆ ಮಳೆ. ಆಗಸ್ಟ್‌ನಲ್ಲಿ ಮಂಜೂರಾತಿ. ಸೆಪ್ಟೆಂಬರ್‌ನಲ್ಲಿ ಗುತ್ತಿಗೆದಾರರು ನೀಲಿ ತಾಡಪಾಲು ತಂದು ಮಾಡಿನ ಮೇಲೆ ಹಾಸಿ, ಕಲ್ಲು ಹೇರಿ, ಬಿಲ್ಲು ಮಾಡಿ ಹೋಗುತ್ತಾರೆ. ಆ ಕಲ್ಲಿನ ಭಾರಕ್ಕೆ ಇನ್ನಷ್ಟು ಹಂಚು ಒಡೆಯುತ್ತವೆ. ಮಾರ್ಚ್ 31 ಹತ್ತಿರ ಬಂದಾಗ ‘ದುಡ್ಡು ಲ್ಯಾಪ್ಸ್ ಆಗುತ್ತೆ’ ಅಂತ ಗಡಿಬಿಡಿ. ಆಗ ಹೊಸ ಕುರ್ಚಿಗಳು ಬರುತ್ತವೆ. ಕುರ್ಚಿಗಳು ಚೆನ್ನಾಗಿವೆ, ಚಕ್ರ ಇದೆ. ನೀರು ಬಿದ್ದ ಕಡೆಯಿಂದ ಬೇಗ ಸರಿಯಲು ಅನುಕೂಲ.

ಇದೇ ಊರಿನ ಬಂದರಿಗೆ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳಲ್ಲಿ ಬೋಟಿನ ರಿಪೇರಿ, ಬಲೆಯ ಕೆಲಸ ಎಲ್ಲ ಮುಗಿಸಿ, ಆಗಸ್ಟ್ 1ಕ್ಕೆ ಹೊರಡಲು ಸಿದ್ಧ. ಕರಾವಳಿಯಲ್ಲಿ ಬದುಕುವವರ ಕ್ಯಾಲೆಂಡರನ್ನು ಮಳೆ ಬರೆಯುತ್ತದೆ. ವಿಶ್ವವಿದ್ಯಾಲಯದ ಕ್ಯಾಲೆಂಡರ್ ಮಾತ್ರ ಬಯಲುಸೀಮೆಯಲ್ಲಿ ಅಚ್ಚಾಗಿ ಬರುತ್ತದೆ.

ಇನ್ನು ಒಳಗಿನ ಸಂಸಾರ. ಮಳೆಗಾಲದಲ್ಲಿ ನಮ್ಮ ಸ್ಕಾಲರ್ ಕೋಣೆಯಲ್ಲಿ ಸೀಟು ಹಂಚಿಕೆ ಆಗುವುದು ಸೀನಿಯಾರಿಟಿ ಮೇಲೆ, ಅದೂ ಒಣ ಜಾಗದ ಲೆಕ್ಕದಲ್ಲಿ. ಪಿಎಚ್‌ಡಿ ಕೊನೆಯ ವರ್ಷದವರಿಗೆ ಒಳಗೋಡೆಯ ಪಕ್ಕ. ಹೊಸಬರಿಗೆ ಬಕೆಟ್ಟಿನ ಪಕ್ಕ. ಎಲ್ಲಿ ಹನಿ ಬೀಳುತ್ತದೆ, ಎಲ್ಲಿ ಧಾರೆ ಇಳಿಯುತ್ತದೆ, ಪಡುವಣ ಗಾಳಿ ಬಂದರೆ ಎಲ್ಲಿ ಎರಚಲು ಹೊಡೆಯುತ್ತದೆ ಎಂಬುದು ಹಿರಿಯರಿಂದ ಕಿರಿಯರಿಗೆ ದಾಟಿಸುವ ಜ್ಞಾನ. ಕೋರ್ಸ್‌ವರ್ಕ್‌ನಲ್ಲಿ ಇದಕ್ಕೂ ಒಂದೆರಡು ಕ್ರೆಡಿಟ್ ಕೊಡಬಹುದಿತ್ತು.

ನಾನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ಕೆಲಸ ಮಾಡುವವಳು. ಕಾಳಿ ನದಿ ಸಮುದ್ರ ಸೇರುವಲ್ಲಿ ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಗಿಡಗಳು. ಮಾದರಿಗಳನ್ನು ಹಳೆ ಪೇಪರಿನ ನಡುವೆ ಇಟ್ಟು, ಹಲಗೆಯ ಪ್ರೆಸ್‌ನಲ್ಲಿ ಬಿಗಿದು ಒಣಗಿಸಬೇಕು. ಬೇರೆ ಗಿಡದ ಎಲೆ ಆದರೆ ಬೇಗ ಒಣಗುತ್ತದೆ. ಕಾಂಡ್ಲಾದ ಎಲೆ ಚರ್ಮದಷ್ಟು ದಪ್ಪ. ಅವಿಸೆನಿಯಾ ಜಾತಿಯ ಗಿಡಗಳಂತೂ ಹೆಚ್ಚಾದ ಉಪ್ಪನ್ನು ಎಲೆಯಿಂದಲೇ ಹೊರಗೆ ಹಾಕುತ್ತವೆ. ಬಿಸಿಲಿನಲ್ಲಿ ಎಲೆ ಸವರಿದರೆ ಬೆರಳಿಗೆ ಉಪ್ಪಿನ ಹರಳು ತಾಗುತ್ತದೆ, ನೆಕ್ಕಿದರೆ ರುಚಿಯೂ ಗೊತ್ತಾಗುತ್ತದೆ. ಉಪ್ಪು ಇದ್ದಲ್ಲಿ ತೇವ ಬರುತ್ತದೆ. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿ ಜುಲೈನಲ್ಲಿ ಮತ್ತೆ ಮೆತ್ತಗಾಗುತ್ತದೆ. ಎರಡು ದಿನ ನೋಡದಿದ್ದರೆ ಬೂದುಬಣ್ಣದ ಬೂಸ್ಟು. ಪೇಪರನ್ನು ಬೆಳಿಗ್ಗೆ ಸಂಜೆ ಬದಲಿಸಬೇಕು. ಬದಲಿಸಲು ಒಣ ಪೇಪರು ಬೇಕು. ಒಣ ಪೇಪರು ಇಡಲು ಒಣ ಜಾಗ ಬೇಕು. ಅಲ್ವಾ?

ಇರುವುದು ಒಂದು ಓವನ್. ಅದಕ್ಕೆ ಸರದಿ. ಸೂಕ್ಷ್ಮದರ್ಶಕದ ಪೆಟ್ಟಿಗೆಯಲ್ಲಿ ಇಡುವ ಸಿಲಿಕಾ ಜೆಲ್ ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ. ಓವನ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಜನವರಿಯಲ್ಲಿ ಒಮ್ಮೆ ಒಣಗಿಸಿಟ್ಟರೆ ವಾರಗಟ್ಟಲೆ ನೀಲಿಯಾಗಿಯೇ ಇರುತ್ತದೆ. ಜುಲೈನಲ್ಲಿ ಬೆಳಿಗ್ಗೆ ನೀಲಿ ಇಟ್ಟರೆ ಮರುದಿನಕ್ಕೆ ಗುಲಾಬಿ. ಒಂದು ವಾರ ಮರೆತರೆ ಲೆನ್ಸಿನ ಮೇಲೆ ಶಿಲೀಂಧ್ರದ ಬಲೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಸಾರ್. ಅದನ್ನು ಕಾಯಲು ನಾವು ಹಗಲಿಡೀ ಬಣ್ಣ ನೋಡುತ್ತ ಕೂರುತ್ತೇವೆ. ಓವನ್‌ನ ಸರದಿಯಲ್ಲಿ ನನ್ನ ಪೇಪರು, ಜೀವಶಾಸ್ತ್ರದವರ ಗಾಜಿನ ಸಾಮಾನು, ಭೂಗರ್ಭದವರ ಮಣ್ಣು. ಯಾರೂ ಇಲ್ಲದ ಹೊತ್ತಿನಲ್ಲಿ ಯಾರದೋ ಸಾಕ್ಸೂ ಒಣಗಿದ ವಾಸನೆ ಬಂದದ್ದುಂಟು. ಕರೆಂಟು ಹೋದರೆ ಎಲ್ಲರೂ ಸಮಾನರು.

ನನಗಿಂತ ಕಷ್ಟ ಜಾನಪದದಲ್ಲಿ ಕೆಲಸ ಮಾಡುವ ಗೆಳತಿಯದು. ಅವಳ ಹತ್ತಿರ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರ ಹಾಡಿನ ಹಳೆ ಕ್ಯಾಸೆಟ್‌ಗಳಿವೆ. ಹಿಂದಿನ ಸಂಶೋಧಕರು ಅಂಕೋಲಾ ಕಡೆಯ ಕೊಪ್ಪಗಳಲ್ಲಿ ಕೂತು ಧ್ವನಿ ಹಿಡಿದು ಬಿಟ್ಟುಹೋದದ್ದು. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಪದ್ಮಶ್ರೀ ಪಡೆದ ಬಡಿಗೇರಿಯ ಸುಕ್ರಿ ಬೊಮ್ಮಗೌಡರೂ 2025ರ ಫೆಬ್ರುವರಿಯಲ್ಲಿ ಹೋದರು. ಆ ತಲೆಮಾರಿನ ದನಿ ಇನ್ನು ಟೇಪಿನಲ್ಲಿ ಹುಡುಕಬೇಕು. ಟೇಪಿನ ಅಂಚಿಗೆ ಬಿಳಿ ಬೂಸ್ಟು ಬಂದರೆ ಅದನ್ನು ಹಾಗೇ ಪ್ಲೇಯರಿಗೆ ಹಾಕುವಂತಿಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಅವಳು ಕ್ಯಾಸೆಟ್‌ಗಳನ್ನು ಅಕ್ಕಿ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜತೆ ಮುಚ್ಚಿಟ್ಟು, ಡಬ್ಬಿಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, ಕಪಾಟಿನ ಮೇಲೆ ಛತ್ರಿ ಬಿಚ್ಚಿಡುತ್ತಾಳೆ. ಕೋಣೆಯ ಒಳಗೆ, ಕಪಾಟಿಗೆ ಛತ್ರಿ. ಕಳೆದ ಮಳೆಗಾಲದಲ್ಲಿ ಛತ್ರಿ ಇದ್ದೂ ಎರಡು ಕ್ಯಾಸೆಟ್ ಹೋದವು. ಅವುಗಳಲ್ಲಿ ಒಂದರ ಮೇಲೆ ಪೆನ್ಸಿಲ್‌ನಲ್ಲಿ ‘ಸುಗ್ಗಿ, ಹೆಂಗಸರು’ ಅಂತ ಬರೆದಿತ್ತು. ಒಳಗೇನಿತ್ತು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಹಂಚಿನ ಖರ್ಚು ಜಾಸ್ತಿ ಅನ್ನುವವರು ಇದರ ಬೆಲೆ ಎಷ್ಟು ಅಂತ ಒಂದು ಎಸ್ಟಿಮೇಟ್ ಮಾಡಿಸಿ ಕಳಿಸಿ.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಶಿರಸಿ ಕಡೆಯವಳು. ನನ್ನ ಡಬ್ಬಿಯಲ್ಲಿ ತಂಬುಳಿ, ಅಪ್ಪೆಹುಳಿ. ಇಲ್ಲಿನವರ ಡಬ್ಬಿಯಲ್ಲಿ ಬಾಂಗಡೆ ಸಾರು, ತಾರ್ಲೆ, ಸಿಗಡಿ. ಬೇಸಿಗೆಯಲ್ಲಿ ಊಟಕ್ಕೆ ಎರಡು ಮೇಜು. ಹಾಗಂತ ಯಾರೂ ಹೇಳಿಲ್ಲ, ಬೋರ್ಡೂ ಇಲ್ಲ. ಆದರೂ ಇದೆ. ಮಳೆಗಾಲ ಬಂತೆಂದರೆ ಒಂದು ಮೇಜಿನ ಮೇಲೆ ನೀರು. ಉಳಿದ ಒಂದಕ್ಕೆ ಎಲ್ಲರೂ. ಆಗಲೇ ತಾಜಾ ಮೀನು ಅಪರೂಪ, ಒಣಮೀನಿನ ಕಾಲ. ಮೊದಲ ವರ್ಷ ಮೂಗು ಮುಚ್ಚಿಕೊಂಡು ಡಬ್ಬಿ ಎತ್ತಿಕೊಂಡು ಜಗುಲಿಗೆ ಹೋದವರು ಎರಚಲಿಗೆ ನೆನೆದು ವಾಪಸ್ ಬಂದರು. ಈಗ ನನ್ನ ಅಪ್ಪೆಹುಳಿಗೆ ನಾಲ್ಕು ಲೋಟ ಮುಂದೆ ಬರುತ್ತವೆ. ನಾನಿನ್ನೂ ಮೀನು ತಿನ್ನುವುದಿಲ್ಲ. ಆದರೆ ಒಣಸಿಗಡಿ ಚಟ್ನಿಗೆ ಕಾಯಿ ಹುರಿದದ್ದು ಹೆಚ್ಚಾಗಿದೆಯೋ ಕಮ್ಮಿಯೋ ಎಂದು ವಾಸನೆಯಲ್ಲೇ ಹೇಳಬಲ್ಲೆ. ಇದನ್ನು ಓದಿ ‘ಹಳೆ ಕಟ್ಟಡ ಸಾಮರಸ್ಯ ಕಲಿಸಿತು’ ಅಂತ ಮುಂದಿನ ಭಾಷಣಕ್ಕೆ ಸೇರಿಸಿಕೊಳ್ಳಬೇಡಿ. ಸೋರದ ಕೋಣೆಯಲ್ಲಿ ಒಂದು ದೊಡ್ಡ ಮೇಜು ಹಾಕಿಕೊಟ್ಟರೂ ಇದೇ ಆಗುತ್ತಿತ್ತು.

2024ರ ಮಳೆಗಾಲ ನಿಮಗೂ ನೆನಪಿರಬೇಕು. ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅಂಕೋಲೆ ಕಡೆಯಿಂದ, ಸದಾಶಿವಗಡದ ಕಡೆಯಿಂದ ದಿನಾ ಓಡಾಡುವ ನಮ್ಮವರು ಕೆಲವು ರಾತ್ರಿ ಸ್ಕಾಲರ್ ಕೋಣೆಯಲ್ಲೇ ಮಲಗಿದರು. ಮೇಜು ಜೋಡಿಸಿ, ಬಕೆಟ್ಟು ನಡುವೆ ಬಿಟ್ಟು. ಅಟೆಂಡರ್ ಅಣ್ಣ ಮನೆಯಿಂದ ಕಂಬಳಿ, ಫ್ಲಾಸ್ಕಿನಲ್ಲಿ ಕಷಾಯ ತಂದುಕೊಟ್ಟರು. ರಾತ್ರಿ ಕಟ್ಟಡದಲ್ಲಿ ಉಳಿದದ್ದಕ್ಕೆ ವಿವರಣೆ ಕೇಳಿ ಆಮೇಲೆ ಒಂದು ಪತ್ರ ಬಂತು. ಅದು ಮಾತ್ರ ಬಹಳ ಬೇಗ ತಲುಪಿತು.

ಈಗ ನಿಯಮದ ಮಾತು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಮತ್ತೆರಡು. ಆರು ವರ್ಷದಲ್ಲಿ ಆರು ಮಳೆಗಾಲ. ಮಳೆಗಾಲಕ್ಕೆ ನಾಲ್ಕು ತಿಂಗಳು ಅಂದರೆ ಒಟ್ಟು ಎರಡು ವರ್ಷ. ಆ ಎರಡು ವರ್ಷದಲ್ಲಿ ಅರ್ಧ ಕೆಲಸ ನೀರು ಒರೆಸುವುದು, ಹಾಳೆ ಬದಲಿಸುವುದು, ಕಪಾಟು ಸರಿಸುವುದು. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಆಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್‌ನಲ್ಲಿ 42,000. ಅದೂ ಐದು ವರ್ಷಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಅದು ಸಿಕ್ಕಿದವರು ಬೆರಳೆಣಿಕೆ. ಉಳಿದವರು ಬೆಳಿಗ್ಗೆ ಯಾವುದೋ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು, ಮಧ್ಯಾಹ್ನ ಇಲ್ಲಿ ಸಂಶೋಧಕರು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸುವಾಗ ‘ಮಾದರಿಗಳಿಗೆ ಬೂಸ್ಟು ಬಂತು’ ಅಂದರೆ ‘ನೀವು ಜಾಗ್ರತೆ ಮಾಡಬೇಕಿತ್ತು’ ಅನ್ನುತ್ತಾರೆ. ಮಾಡಿನ ಜಾಗ್ರತೆ ಯಾರದು ಎಂದು ಅಲ್ಲಿ ಕೇಳಲಾಗುವುದಿಲ್ಲ. ಇಲ್ಲಿ ಕೇಳುತ್ತಿದ್ದೇನೆ.

ಇದಕ್ಕೆಲ್ಲ ನಿಮ್ಮ ಕಚೇರಿಯ ಸಿದ್ಧ ಉತ್ತರ ‘ಹೊಸ ಕಟ್ಟಡ ಬರುತ್ತಿದೆ’. ಬರಲಿ, ಸಂತೋಷ. ಲಿಫ್ಟು, ಎಸಿ, ಎಲ್ಲ ಇರಲಿ. ನಮಗೆ ಹಳೆ ಕಟ್ಟಡದ ಮೇಲೆ ವ್ಯಾಮೋಹ ಏನಿಲ್ಲ. ಇಲ್ಲಿ ಶೌಚಾಲಯಕ್ಕೆ ಹೋಗಬೇಕಾದರೂ ಛತ್ರಿ ಬೇಕು. ತೊಂದರೆ ಏನೆಂದರೆ, ಹೊಸದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆಯದಕ್ಕೆ ಒಂದು ಹಂಚೂ ಬರುತ್ತಿಲ್ಲ. ‘ಬಿಟ್ಟು ಹೋಗುವ ಕಟ್ಟಡಕ್ಕೆ ದುಡ್ಡು ಹಾಕಿದರೆ ಆಡಿಟ್‌ನವರು ಕೇಳುತ್ತಾರೆ’ ಎಂದು ಒಬ್ಬ ಅಧಿಕಾರಿ ಮುಖದ ಮೇಲೇ ಹೇಳಿದರು. ಹೊಸ ಕಟ್ಟಡದ ಜಾಗದಲ್ಲಿ ಸದ್ಯಕ್ಕೆ ಇರುವುದು ಒಂದು ಫಲಕ ಮತ್ತು ಬೇಲಿ. ನಾನು ಪ್ರವೇಶ ಪಡೆದಾಗಲೂ ಅಷ್ಟೇ ಇತ್ತು. ನನ್ನ ಹಿರಿಯರು ಅದೇ ಫಲಕ ನೋಡುತ್ತ ಪದವಿ ಮುಗಿಸಿ ಹೋದರು. ಆ ಕಟ್ಟಡ ಬರುವವರೆಗೆ ನಾವು ಎಲ್ಲಿ ಕೂರಬೇಕು ಸಾರ್, ಬೇಲಿಯೊಳಗಾ?

ಇನ್ನು ಕೆಲಸದ ವಿವರ, ಯಾಕೆಂದರೆ ‘ಸಲಹೆ ಕೊಡಿ’ ಎಂದು ಕೇಳುತ್ತೀರಿ.

ಹಂಚು ಕೈಯಾಡಿಸುವುದು ದೊಡ್ಡ ಕಾಮಗಾರಿ ಅಲ್ಲ. ಗೊತ್ತಿರುವ ನಾಲ್ಕು ಜನ ಬೇಕು. ಅವರು ಬರಿಗಾಲಲ್ಲಿ ಹತ್ತುತ್ತಾರೆ, ಪಕಾಸಿನ ನೇರಕ್ಕೇ ಕಾಲಿಡುತ್ತಾರೆ, ಸಾಲು ಸಾಲಾಗಿ ಹಂಚು ಎತ್ತಿ ಪಾಚಿ ಕೆರೆದು ಮತ್ತೆ ಕೂರಿಸುತ್ತಾರೆ. ಕುಂಬಾದ ರೀಪು ಕಂಡರೆ ಆಗಲೇ ಬದಲಿಸುತ್ತಾರೆ. ಸಣ್ಣ ಮೊತ್ತದ ಕೆಲಸಕ್ಕೆ ಟೆಂಡರ್ ಬೇಕಿಲ್ಲ. ಸರಕಾರಿ ಖರೀದಿ, ಕಾಮಗಾರಿಗಳ ಟೆಂಡರಿಗೆ ಇರುವ 1999ರ ಕೆಟಿಪಿಪಿ ಕಾಯ್ದೆಯಲ್ಲೇ ಅದಕ್ಕೆ ವಿನಾಯಿತಿ ಇದೆ. ಹಂಚಿನ ವಿಷಯದಲ್ಲಿ ಒಂದು ಎಚ್ಚರ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಹೋದವು. ಒಬ್ಬರ ಹಂಚಿನ ತೋಡಿಗೆ ಇನ್ನೊಬ್ಬರ ಹಂಚು ಸರಿಯಾಗಿ ಕೂರುವುದಿಲ್ಲ. ಅಂಗಡಿಯಿಂದ ತಂದ ಹೊಸ ಹಂಚು ಸಿಕ್ಕಿಸಿದರೆ ಸಂದಿ ಉಳಿಯುತ್ತದೆ. ಊರಿನಲ್ಲಿ ಹಳೆ ಮನೆ ಕೆಡವಿ ಆರ್‌ಸಿಸಿ ಮಾಡುವವರ ಹತ್ತಿರ ಹಳೆ ಹಂಚು ಸಿಗುತ್ತದೆ. ತಿರುಗಿಸಿ ಹಿಂದಿನ ಅಚ್ಚು ನೋಡಿ, ನಮ್ಮದಕ್ಕೆ ಹೊಂದುವುದನ್ನು ಆರಿಸಿ ತರಬೇಕು. ಅಟೆಂಡರ್ ಅಣ್ಣನಿಗೆ ಈ ಅಚ್ಚುಗಳೆಲ್ಲ ಬಾಯಿಪಾಠ. ಆದರೆ ಹಳೆ ಹಂಚು ಮಾರುವವರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ, ಬಿಲ್ ಇಲ್ಲದೆ ನಮ್ಮ ಲೆಕ್ಕ ವಿಭಾಗ ದುಡ್ಡು ಕೊಡುವುದಿಲ್ಲ. ಇದಕ್ಕೆ ದಾರಿ ಹುಡುಕುವುದು ಕುಲಸಚಿವರ ಕೈಯಲ್ಲಿದೆ. ಅವರು ಮನಸ್ಸು ಮಾಡಿದರೆ ಒಂದು ಆದೇಶದ ಕೆಲಸ.

ದಿನಾಂಕದ ಬಗ್ಗೆ. ಇಲ್ಲಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಮುಟ್ಟುತ್ತದೆ. 2025ರಲ್ಲಿ ಕೇರಳಕ್ಕೆ ಮೇ 24ಕ್ಕೇ ಬಂದು, ಒಂದೆರಡು ದಿನದಲ್ಲಿ ನಮ್ಮ ಕರಾವಳಿಗೂ ಬಂತು. ಹಾಗಾಗಿ ಮೇ 15ರೊಳಗೆ ಮಾಡಿನ ಮೇಲಿನ ಕೆಲಸ ಮುಗಿದಿರಬೇಕು. ಅದಕ್ಕೆ ದುಡ್ಡು ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರದ ಖಾತೆಗೆ ಬರಬೇಕು, ಮತ್ತು ಇದು ಪ್ರತಿ ವರ್ಷ ಕೇಳದೆಯೇ ಬರುವ ಮೊತ್ತ ಆಗಬೇಕು. ನೀವು ಬದಲಾದರೂ, ನಾವು ಬದಲಾದರೂ.

ನಿಮ್ಮ ಉತ್ತರ ಮಾರ್ಚ್ 10ರ ಒಳಗೆ ಬಂದರೆ ಉಪಕಾರ. ಹಂಚಿನ ಕೆಲಸದವರು ಯುಗಾದಿಗೆ ಮೊದಲೇ ಬೇಸಿಗೆಯ ಮನೆಗಳನ್ನೆಲ್ಲ ಒಪ್ಪಿಕೊಂಡುಬಿಡುತ್ತಾರೆ. ಅಡ್ವಾನ್ಸ್ ಕೊಡದಿದ್ದರೆ ಮೇ ತಿಂಗಳಲ್ಲಿ ಫೋನ್ ಎತ್ತುವುದಿಲ್ಲ. ಅಷ್ಟರೊಳಗೆ ಏನೂ ತಿಳಿಯದಿದ್ದರೆ ಅಡ್ವಾನ್ಸನ್ನು ನಾವೇ ಚಂದಾ ಎತ್ತಿ ಕೊಡುವುದೆಂದು ಮಾತಾಗಿದೆ. ರಸೀದಿ ನಿಮ್ಮ ಕಚೇರಿಗೆ ಕಳಿಸುತ್ತೇವೆ. ಅದಕ್ಕೂ ‘ಸ್ವೀಕರಿಸಲಾಗಿದೆ’ ಎಂದು ಸೀಲು ಹಾಕಿ ಸುಮ್ಮನಾಗಬೇಡಿ, ದುಡ್ಡು ವಾಪಸ್ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಸಸ್ಯಶಾಸ್ತ್ರದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಸ್ಕಾಲರ್ ಕೋಣೆಯ ಎಲ್ಲರ ಪರವಾಗಿ
ಕಾರವಾರ